ಕಡಂಬುಟ್ಟು ಕಟ್ಟುತ್ತಾ ಕೂಡಿ ದುಡಿಯುವುದು: ಪುಟ್ಟ ಮಕ್ಕಳಿಗೆ ಅಡುಗೆಮನೆಯಲ್ಲಿ ಹೊಂದಾಣಿಕೆ ಕಲಿಸುವ ಸಮಗ್ರ ಮಾರ್ಗದರ್ಶಿ

ಒಂದು ಪಾತ್ರೆ, ಒಂದು ಸೌಟು ಕೊಟ್ಟು ನಾಲ್ಕು ಮಕ್ಕಳಿಗೆ ‘ಎಲ್ಲರೂ ಸೇರಿ ಕಲಸಿ’ ಎಂದರೆ ಸೌಟಿಗಾಗಿ ಎಳೆದಾಟ ಶುರುವಾಗುತ್ತದೆ. ಮಕ್ಕಳಿಗೆ ಹೊಂದಿಕೊಳ್ಳಲು ಬರುವುದಿಲ್ಲ ಎಂದು ದೊಡ್ಡವರು ತೀರ್ಮಾನಿಸಿಬಿಡುತ್ತಾರೆ. ಆದರೆ ಎಡವಟ್ಟಾದದ್ದು ಕೆಲಸದ ಆಯ್ಕೆಯಲ್ಲಿ. ಒಬ್ಬರೇ ಮಾಡಿ ಮುಗಿಸಬಹುದಾದ ಕೆಲಸಕ್ಕೆ ಎರಡನೆಯವರು ಬಂದರೆ ಅದು ಅಡ್ಡಿ. ಒಬ್ಬರಿಂದ ಆಗದ, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಲೇಬೇಕಾದ ಅಡುಗೆಯನ್ನು ಆರಿಸಿಕೊಂಡರೆ ಪಕ್ಕದವರು ಬೇಕು ಎನ್ನುವುದು ಮಗುವಿಗೆ ತಾನಾಗಿಯೇ ಗೊತ್ತಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಶಾಲೆಗಳಲ್ಲಿ ಪಾಠವನ್ನು ತುಂಡು ಮಾಡಿ, ಪ್ರತಿ ಮಗುವಿಗೆ ಒಂದೊಂದು ತುಂಡು ಕೊಟ್ಟು, ಎಲ್ಲರೂ ಸೇರಿದರೆ ಮಾತ್ರ ಪಾಠ ಪೂರ್ತಿಯಾಗುವ ಹಾಗೆ ಮಾಡಿದ್ದರ ಹಿಂದೆಯೂ ಇದೇ ವಿಚಾರವಿತ್ತು.

ಕೊಡಗಿನ ಅಡುಗೆಮನೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಕಡಂಬುಟ್ಟು ಎಂದರೆ ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವ ತಿಂಡಿ. ಅದರ ಹಿಟ್ಟು ಬೆಚ್ಚಗಿರುವಾಗಲೇ ಉಂಡೆಯಾಗಬೇಕು, ತಣಿದರೆ ಬಿರುಕು ಬಿಡುತ್ತದೆ. ಹಾಗಾಗಿ ಅದಕ್ಕೆ ಹಲವು ಕೈ ಬೇಕೇ ಬೇಕು. ನೂಪುಟ್ಟನ್ನು, ಅಂದರೆ ಒತ್ತು ಶಾವಿಗೆಯನ್ನು, ಒಬ್ಬರು ಒತ್ತಿದರೆ ಇನ್ನೊಬ್ಬರು ಕೆಳಗೆ ತಟ್ಟೆ ಹಿಡಿಯಬೇಕು. ಸುಗ್ಗಿ ಹಬ್ಬ ಪುತ್ತರಿಗೆ ಬಾಳೆಹಣ್ಣು, ಹುರಿದ ಅಕ್ಕಿಪುಡಿ ಕಲಸಿ ಮಾಡುವ ತಂಬುಟ್ಟಿಗೆ ಹಣ್ಣು ಹಿಸುಕುವವರು, ಪುಡಿ ಉದುರಿಸುವವರು ಇಬ್ಬರೂ ಬೇಕು. ಇಲ್ಲಿ ಕಡಂಬುಟ್ಟನ್ನು ಮುಖ್ಯ ಪಾಠವಾಗಿ, ತಂಬುಟ್ಟನ್ನು ಮೊದಲ ದಿನದ ಅಭ್ಯಾಸವಾಗಿ ಇಟ್ಟುಕೊಂಡಿದ್ದೇವೆ. ಲೆಕ್ಕವೆಲ್ಲ 3ರಿಂದ 9 ವರ್ಷದ ನಾಲ್ಕು ಮಕ್ಕಳು, ಇಬ್ಬರು ದೊಡ್ಡವರಿಗೆ.

ಯಾವ ವಯಸ್ಸಿಗೆ ಎಷ್ಟು ನಿರೀಕ್ಷಿಸಬೇಕು

ಮಕ್ಕಳ ಆಟವನ್ನು ಗಮನಿಸಿ ಮಿಲ್‌ಡ್ರೆಡ್ ಪಾರ್ಟನ್ 1932ರಲ್ಲಿ ಪ್ರಕಟಿಸಿದ ಹಂತಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ. ತೀರಾ ಚಿಕ್ಕವರು ಒಂಟಿಯಾಗಿ ಆಡುತ್ತಾರೆ. ಆಮೇಲೆ ಒಬ್ಬರ ಪಕ್ಕ ಒಬ್ಬರು ಕೂತು ತಮ್ಮ ತಮ್ಮ ಆಟ ಆಡುತ್ತಾರೆ. ಕೆಲಸ ಹಂಚಿಕೊಂಡು ಒಂದೇ ಗುರಿಗೆ ಆಡುವುದು ಕೊನೆಗೆ ಬರುತ್ತದೆ. ಮೂರು ವರ್ಷದ ಮಗು ಅಣ್ಣನ ಪಕ್ಕ ಕೂತು ತನ್ನದೇ ಹಿಟ್ಟಿನ ಮುದ್ದೆಯನ್ನು ತಿಕ್ಕುತ್ತಿದ್ದರೆ ಅದು ಅಸಹಕಾರವಲ್ಲ, ಆ ವಯಸ್ಸಿಗೆ ಅಷ್ಟೇ ಸಾಕು. ಅದರ ಪಾಲಿಗೆ ಒಂದೇ ಒಂದು ‘ದಾಟಿಸುವ’ ಕೆಲಸ ಇಡಿ: ಉಂಡೆಯನ್ನು ಅಕ್ಕನ ತಟ್ಟೆಗೆ ಹಾಕುವುದು. ಹತ್ತು ನಿಮಿಷ ನಿಂತರೆ ದೊಡ್ಡದು. ಎದ್ದು ಹೋದರೆ ಬಿಡಿ, ಮತ್ತೆ ಬರುತ್ತದೆ.

ಐದು ಆರು ವರ್ಷದವರು ಜೋಡಿಯಾಗಿ ಕೆಲಸ ಮಾಡಬಲ್ಲರು, ಆದರೆ ಸರದಿ ಕಣ್ಣಿಗೆ ಕಾಣಬೇಕು. ‘ಇನ್ನೈದು ನಿಮಿಷ’ ಎನ್ನುವುದು ಅವರಿಗೆ ಏನೂ ಅಲ್ಲ. ‘ಇನ್ನು ನಾಲ್ಕು ಉಂಡೆ’ ಎಂದರೆ ಸರಿಯಾಗಿ ಅರ್ಥವಾಗುತ್ತದೆ. ಏಳು ದಾಟಿದವರು ಚಿಕ್ಕವರಿಗೆ ಹೇಳಿಕೊಡಬಲ್ಲರು. ಅವರಲ್ಲೊಂದು ಬೇರೆ ತೊಂದರೆ: ಚಿಕ್ಕವರು ನಿಧಾನ ಎಂದು ಎಲ್ಲವನ್ನೂ ತಾವೇ ಎಳೆದುಕೊಳ್ಳುತ್ತಾರೆ. ಅದಕ್ಕೆ ಮದ್ದು ಮುಂದೆ ಇದೆ.

ದಿನ, ಹೊತ್ತು

ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಒಳ್ಳೆಯದು. ಮಕ್ಕಳು ಹೊರಗೆ ಹೋಗುವ ಹಾಗಿಲ್ಲ, ಬಿಸಿ ತಿಂಡಿಗೆ ಹಸಿವೂ ಇರುತ್ತದೆ. ಕರೆಂಟು ನಂಬುವ ಹಾಗಿಲ್ಲವಾದ್ದರಿಂದ ಮಿಕ್ಸಿಯ ಕೆಲಸವನ್ನೆಲ್ಲ ಹಿಂದಿನ ದಿನವೇ ಮುಗಿಸಿಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಇದನ್ನು ಹಚ್ಚಿಕೊಳ್ಳಬೇಡಿ. ದೊಡ್ಡವರಿಗೆ ಪುರಸೊತ್ತಿಲ್ಲದಿದ್ದರೆ ಮಕ್ಕಳ ಕೈಯಿಂದ ಕೆಲಸ ಕಿತ್ತುಕೊಳ್ಳುವುದು ಖಂಡಿತ. ಹಬ್ಬದ ದಿನವೂ ಬೇಡ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದಿಗೆ ಮನೆ ತುಂಬಾ ನೆಂಟರು ಬರುವಾಗ ಮಕ್ಕಳ ಸೊಟ್ಟ ಉಂಡೆಗಳಿಗೆ ತಾಳ್ಮೆ ಎಲ್ಲಿಂದ ಬರಬೇಕು? ಒಂದು ವಾರ ಮೊದಲು ಮಾಡಿಸಿದರೆ ಹಬ್ಬದ ದಿನ ಅವರೇ ಉಪಯೋಗಕ್ಕೆ ಬರುತ್ತಾರೆ.

ಮಕ್ಕಳು ಹಸಿದಿರುವಾಗ ಶುರು ಮಾಡಬೇಡಿ. ಒಂದು ಬಾಳೆಹಣ್ಣೋ ಬಿಸ್ಕತ್ತೋ ತಿಂದ ಮೇಲೆ ಕೂರಿಸಿ. ಪೂರ್ತಿ ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತದೆ, ಅದರಲ್ಲಿ ಮಕ್ಕಳ ಕೈಗೆ ಕೆಲಸ ಇರುವುದು ಮುಕ್ಕಾಲು ಗಂಟೆ.

ಮೊದಲ ದಿನ ತಂಬುಟ್ಟು: ಒಲೆ ಇಲ್ಲದ ಅಭ್ಯಾಸ

ಇದರಲ್ಲಿ ಮಕ್ಕಳು ಬೆಂಕಿಯ ಹತ್ತಿರ ಹೋಗುವುದೇ ಇಲ್ಲ. ದೊಡ್ಡವರು ಹಿಂದಿನ ದಿನ ಒಂದು ಲೋಟ ಕುಸುಬಲಕ್ಕಿಯನ್ನು ಸಣ್ಣ ಉರಿಯಲ್ಲಿ ಕೆಂಪಗೆ, ಘಮ್ಮೆನ್ನುವವರೆಗೆ ಹುರಿಯಬೇಕು. ಒಂದು ಟೀ ಚಮಚ ಮೆಂತ್ಯವನ್ನು ಬೇರೆಯಾಗಿ ಹುರಿಯಿರಿ. ಅಕ್ಕಿಯ ಜೊತೆಗೇ ಹಾಕಿದರೆ ಅಕ್ಕಿ ಕೆಂಪಾಗುವಷ್ಟರಲ್ಲಿ ಮೆಂತ್ಯ ಸೀದು ಕಹಿಯಾಗುತ್ತದೆ, ಮಕ್ಕಳು ಬಾಯಿಗೆ ಇಡುವುದಿಲ್ಲ. ಎರಡೂ ಆರಿದ ಮೇಲೆ ನಾಲ್ಕು ಏಲಕ್ಕಿ ಸೇರಿಸಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದು ಡಬ್ಬದಲ್ಲಿಡಿ.

ಮಕ್ಕಳ ಕೆಲಸ ಇಬ್ಬಿಬ್ಬರ ಜೋಡಿಯಲ್ಲಿ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದ, ಚೆನ್ನಾಗಿ ಕಳಿತ ಆರು ಸಣ್ಣ ಬಾಳೆಹಣ್ಣುಗಳನ್ನು ಮೂರು ಮೂರರಂತೆ ಎರಡು ಅಗಲ ಪಾತ್ರೆಗೆ ಹಾಕಿ. ಒಬ್ಬರು ಕೈಯಿಂದ ಹಿಸುಕುವುದು, ಇನ್ನೊಬ್ಬರು ಒಂದೊಂದೇ ಚಮಚ ಪುಡಿ ಉದುರಿಸುವುದು. ಹಿಸುಕುವವರು ‘ಸಾಕು’ ಎಂದಾಗ ಉದುರಿಸುವವರು ನಿಲ್ಲಿಸಬೇಕು, ‘ಹಾಕು’ ಎಂದಾಗ ಹಾಕಬೇಕು. ಇಡೀ ತರಬೇತಿಯ ತಿರುಳು ಈ ಎರಡು ಮಾತಿನಲ್ಲಿದೆ: ಬೇಕಾದ್ದನ್ನು ಬಾಯಿಬಿಟ್ಟು ಹೇಳುವುದು, ಹೇಳಿದ್ದನ್ನು ಕೇಳಿ ಕೈ ತಡೆಯುವುದು. ಮೂರು ಹಣ್ಣಿಗೆ ಏಳೆಂಟು ದೊಡ್ಡ ಚಮಚ ಪುಡಿ ಹಿಡಿಯಬಹುದು, ಹಣ್ಣಿನ ರಸದ ಮೇಲೆ ಹೆಚ್ಚುಕಡಿಮೆ. ಕೈಗೆ ಅಂಟದೆ ಮೆತ್ತಗೆ ಮುದ್ದೆಯಾದರೆ ಹದ ಬಂತು. ಪುಡಿಯನ್ನು ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಆಗ ಬೈಯದೆ ಇನ್ನರ್ಧ ಹಣ್ಣು ಕೊಡಿ, ಇಬ್ಬರೂ ಸೇರಿ ಗಂಟು ಒಡೆಯಲಿ. ಅರ್ಧದಲ್ಲಿ ಕೆಲಸ ಅದಲುಬದಲು. ಕೊನೆಗೆ ಚಿಟಿಕೆ ಉಪ್ಪು, ತೆಂಗಿನ ತುರಿ, ಹುರಿದ ಎಳ್ಳು, ಮೇಲೆ ತುಪ್ಪ.

ಈ ಪಾಠವನ್ನು ಒಂದೆರಡು ಸಲ ಮಾಡಿಸಿದ ಮೇಲೆ ಕಡಂಬುಟ್ಟಿಗೆ ಹೋಗಿ.

ಕಡಂಬುಟ್ಟು: ಬೇಕಾದದ್ದು

ಅಕ್ಕಿ ತರಿ 2 ಲೋಟ, ನೀರು 4 ಲೋಟ, ಉಪ್ಪು ಒಂದು ಟೀ ಚಮಚ, ತುಪ್ಪ ಎರಡು ಟೀ ಚಮಚ. ಬೇಕಿದ್ದರೆ ಅರ್ಧ ಲೋಟ ತೆಂಗಿನ ತುರಿ. ನಿಂಬೆಹಣ್ಣಿನ ಗಾತ್ರದ ಇಪ್ಪತ್ತನಾಲ್ಕರ ಆಸುಪಾಸು ಉಂಡೆ ಬರುತ್ತವೆ, ಆರು ಜನಕ್ಕೆ ಸಾಕು. ತರಿ ಸಣ್ಣ ರವೆಯಷ್ಟಿರಲಿ. ಹಿಟ್ಟೇ ಹೆಚ್ಚಾಗಿದ್ದರೆ ಉಂಡೆ ಅಂಟಂಟಾಗುತ್ತದೆ, ಹಾಗಾಗಿ ಜರಡಿ ಹಿಡಿದು ಹಿಟ್ಟನ್ನು ಬೇರೆ ಮಾಡಿ. ಆ ಹಿಟ್ಟು ಅಕ್ಕಿ ಒಟ್ಟಿ (ರೊಟ್ಟಿ) ಮಾಡಲು ಆಗುತ್ತದೆ. ಮಳೆಗಾಲದಲ್ಲಿ ಡಬ್ಬದಲ್ಲೇ ತೇವ ಎಳೆದುಕೊಂಡ ತರಿಯನ್ನು ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿ ಆರಿಸಿಕೊಳ್ಳಿ.

ಮಕ್ಕಳಿಗೆ ನೆಲದ ಮೇಲೆ ಚಾಪೆ ಹಾಸಿ ಕೆಲಸದ ಜಾಗ ಮಾಡಿ. ಸ್ಟೂಲಿನ ಮೇಲೆ ಹತ್ತಿಸಿ ಕಟ್ಟೆಯ ಎದುರು ನಿಲ್ಲಿಸಿದರೆ ಒಬ್ಬರು ಇನ್ನೊಬ್ಬರನ್ನು ತಳ್ಳಿದಾಗ ಬೀಳುವ ಭಯ. ನೆಲದಲ್ಲಿ ಎದುರುಬದುರು ಕೂತರೆ ಮುಖ ಕಾಣುತ್ತದೆ, ಕೆಲಸ ದಾಟಿಸುವುದೂ ಸುಲಭ. ಒಲೆಯಿಂದ ಒಂದು ಮೀಟರು ದೂರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅದರಾಚೆ ದೊಡ್ಡವರು ಮಾತ್ರ ಎಂದು ಮೊದಲೇ ಹೇಳಿ. ಗಾಂಧಾರಿ ಮೆಣಸನ್ನು ಆ ದಿನ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಆ ದಿನದ ಅಡುಗೆ ಅಲ್ಲಿಗೇ ಮುಗಿಯಿತು.

ಅಳೆಯುವುದು

ಎಲ್ಲರೂ ಇಪ್ಪತ್ತು ಎಣಿಸುವವರೆಗೆ ಸೋಪು ಹಚ್ಚಿ ಕೈ ತೊಳೆಯಲಿ. ಆಮೇಲೆ ಎರಡು ಜೋಡಿ. ಒಂದು ಜೋಡಿ ತರಿ ಅಳೆಯುವುದು, ಇನ್ನೊಂದು ಜೋಡಿ ನೀರು. ಜೋಡಿಯಲ್ಲಿ ಒಬ್ಬರು ಲೋಟ ತುಂಬಿ ಸುರಿದಾಗ ಇನ್ನೊಬ್ಬರು ತಟ್ಟೆಗೆ ಒಂದು ಕಾಫಿ ಬೀಜ ಹಾಕಬೇಕು. ಬೀಜ ಬೀಳುವವರೆಗೆ ಮುಂದಿನ ಲೋಟ ಇಲ್ಲ. ಮುಗಿದ ಮೇಲೆ ಎರಡೂ ತಟ್ಟೆ ಪಕ್ಕಪಕ್ಕ ಇಟ್ಟು ನೋಡಲಿ: ತರಿಗೆ ಎರಡು ಬೀಜ, ನೀರಿಗೆ ನಾಲ್ಕು. ಮೂರು ವರ್ಷದವರು ಇದ್ದರೆ ಕಾಫಿ ಬೀಜದ ಬದಲು ಚಮಚಗಳನ್ನು ಇಡಿ. ಸಣ್ಣ ಬೀಜ ಬಾಯಿಗೋ ಮೂಗಿಗೋ ಹೋಗಬಹುದು.

ಇಲ್ಲಿ ಎಣಿಕೆ ತಪ್ಪುವುದು ಸಾಮಾನ್ಯ. ತಪ್ಪಿತೆಂದು ನಿಮಗೆ ಗೊತ್ತಾದರೂ ತಕ್ಷಣ ಹೇಳಬೇಡಿ, ‘ಇಬ್ಬರೂ ಸೇರಿ ಇನ್ನೊಮ್ಮೆ ನೋಡಿ’ ಎನ್ನಿ. ನೀವೇ ಸರಿಪಡಿಸಿದರೆ ಮಕ್ಕಳು ಮುಂದೆ ಪ್ರತಿ ಸಲ ನಿಮ್ಮ ಮುಖ ನೋಡುತ್ತಾರೆ, ಜೊತೆಗಾರರ ಮುಖ ನೋಡುವುದಿಲ್ಲ.

ಬೇಯಿಸುವುದು: ದೊಡ್ಡವರ ಪಾಲು

ದಪ್ಪ ತಳದ ಪಾತ್ರೆಯಲ್ಲಿ ನೀರು, ಉಪ್ಪು, ತುಪ್ಪ ಹಾಕಿ ಕುದಿಸಿ. ಉರಿ ಸಣ್ಣ ಮಾಡಿ ಒಂದು ಕೈಯಲ್ಲಿ ತರಿ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಾ ಹೋಗಿ. ನೀರು ಇಂಗಿದ ಮೇಲೆ ಮುಚ್ಚಿ ಎಂಟು ಹತ್ತು ನಿಮಿಷ ಬೇಯಲಿ, ನಡುವೆ ಒಮ್ಮೆ ತಿರುವಿ. ಇಳಿಸಿ ಮುಚ್ಚಿಯೇ ಹತ್ತು ನಿಮಿಷ ಬಿಡಿ.

ಈ ಇಪ್ಪತ್ತು ನಿಮಿಷ ಮಕ್ಕಳಿಗೆ ಬೇರೆ ಕೆಲಸ ಬೇಕು, ಇಲ್ಲದಿದ್ದರೆ ಗುಂಪು ಒಡೆಯುತ್ತದೆ. ಕುಂಬಳಕಾಯಿ ಕರಿಗೆ ತಯಾರಿ ಮಾಡಿಸಿ. ದೊಡ್ಡವರು ಸಿಹಿಕುಂಬಳವನ್ನು ಹೋಳು ಮಾಡಿ ಕೊಟ್ಟರೆ, ಒಬ್ಬರು ಹೋಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯುವುದು, ಇನ್ನೊಬ್ಬರು ಸ್ಟೀಲ್ ಚಮಚದಲ್ಲಿ ಬೀಜ ತಿರುಳು ಕೆರೆಯುವುದು. ಹಿಡಿಯುವವರು ಕೈ ಬಿಟ್ಟರೆ ಹೋಳು ಜಾರುತ್ತದೆ. ‘ಹಿಡಿ’ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೊಂದು ಜೋಡಿಗೆ ಬೆಚ್ಚಗಿನ ನೀರಲ್ಲಿ ನೆನೆಸಿದ ಬೆಳ್ಳುಳ್ಳಿ ಸುಲಿಯಲು, ಕರಿಬೇವು ಬಿಡಿಸಲು ಕೊಡಿ. ಕರಿ ಮಾಡುವುದು ದೊಡ್ಡವರೇ. ಮಕ್ಕಳ ಬಾಯಿಗಾಗಿ ಖಾರ ಕಡಿಮೆ, ಬೆಲ್ಲ ಒಂದು ಚೂರು ಹೆಚ್ಚು.

ಉಂಡೆ ಕಟ್ಟುವ ಸಾಲು

ಇಡೀ ದಿನದ ಮುಖ್ಯ ಭಾಗ ಇದು, ಇಲ್ಲಿ ಅವಸರ ಮಾಡಬೇಡಿ.

ಹಿಟ್ಟನ್ನು ಮೊದಲು ದೊಡ್ಡವರು ಒದ್ದೆ ಕೈಯಲ್ಲಿ ನಾದಿ, ಗಂಟಿಲ್ಲದ ಹಾಗೆ ಮಾಡಬೇಕು. ಮೇಲೆ ತಣಿದಂತೆ ಕಂಡರೂ ಮುದ್ದೆಯ ಒಳಗೆ ಬಿಸಿ ಉಳಿದಿರುತ್ತದೆ, ಮಗುವಿನ ಚರ್ಮ ನಿಮ್ಮದಕ್ಕಿಂತ ತೆಳು. ಒಳಗಿನಿಂದ ಒಂದು ತುಂಡು ಮುರಿದು ನಿಮ್ಮ ಮಣಿಕಟ್ಟಿನ ಒಳಬದಿಗೆ ಇಟ್ಟುಕೊಳ್ಳಿ. ಹತ್ತು ಎಣಿಸುವವರೆಗೆ ಹಾಯಾಗಿ ಇಟ್ಟುಕೊಳ್ಳಲು ಆದರೆ ಮಾತ್ರ ಮಕ್ಕಳಿಗೆ ಕೊಡಿ. ಮಳೆಗಾಲದ ಮಡಿಕೇರಿಯಲ್ಲಿ ಹಿಟ್ಟು ಬಹಳ ಬೇಗ ತಣಿಯುತ್ತದೆ. ಅದಕ್ಕೆ ಅರ್ಧ ಮಾತ್ರ ಹೊರಗೆ ತೆಗೆದು, ಉಳಿದದ್ದನ್ನು ಮುಚ್ಚಿದ ಪಾತ್ರೆಯಲ್ಲೇ ಬಿಡಿ. ಹೊರಗಿರುವುದರ ಮೇಲೆ ಒದ್ದೆ ಬಟ್ಟೆ.

ಮಕ್ಕಳು ಒಂದು ಸಾಲಾಗಿ ಕೂರಲಿ. ಮೊದಲನೆಯವರು ಹಿಟ್ಟನ್ನು ಪಾಲು ಮಾಡುವವರು. ಕಣ್ಣಳತೆ ಬೇಕಾದ್ದರಿಂದ ಇದು ಏಳೆಂಟು ವರ್ಷದವರಿಗೆ. ಅಳತೆಗೆ ಒಂದು ನಿಂಬೆಹಣ್ಣು ಪಕ್ಕದಲ್ಲಿರಲಿ. ನಡುವಿನ ಇಬ್ಬರು ಬಟ್ಟಲಿನ ನೀರಲ್ಲಿ ಅಂಗೈ ಅದ್ದಿಕೊಂಡು ಉಂಡೆ ಕಟ್ಟುವವರು. ಕೊನೆಯವರು ತುಪ್ಪ ಸವರಿದ ಇಡ್ಲಿ ತಟ್ಟೆಗೆ ಜೋಡಿಸುವವರು. ಮೂರು ನಾಲ್ಕು ವರ್ಷದ ಮಗುವಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಉಂಡೆಗಳ ನಡುವೆ ಒಂದು ಬೆರಳಿನಷ್ಟು ಜಾಗ ಬಿಡಬೇಕೆಂದು ಅದರ ಬೆರಳನ್ನೇ ಇಟ್ಟು ತೋರಿಸಿ.

ನಿಯಮ ಮೂರೇ. ಪಕ್ಕದವರ ಕೈಯಲ್ಲಿರುವುದನ್ನು ಕೀಳುವ ಹಾಗಿಲ್ಲ, ಕೊಟ್ಟಾಗ ತೆಗೆದುಕೊಳ್ಳಬೇಕು. ಮುಂದಿನವರ ಹತ್ತಿರ ಎರಡು ಸೇರಿಕೊಂಡಿದ್ದರೆ ನಾವು ನಿಲ್ಲಿಸಿ ಅವರ ಜೊತೆ ಕೈ ಜೋಡಿಸಬೇಕು. ಆರು ಉಂಡೆಗೊಮ್ಮೆ ಎಲ್ಲರೂ ಒಂದು ಜಾಗ ಸರಿಯಬೇಕು. ಎರಡನೆಯ ನಿಯಮವೇ ದೊಡ್ಡ ಮಕ್ಕಳನ್ನು ಹದ್ದಿನಲ್ಲಿಡುವುದು. ಎಂಟು ವರ್ಷದವನು ಬಿರುಸಾಗಿ ಪಾಲು ಮಾಡಿ ಒಟ್ಟಿದರೆ ಪಾಲುಗಳು ತಮ್ಮನ ಮುಂದೆ ತಣಿದು ಒಣಗುತ್ತವೆ. ತನ್ನ ವೇಗದಿಂದ ಕೆಲಸ ಕೆಟ್ಟದ್ದು ಅವನ ಕಣ್ಣಿಗೇ ಬೀಳುತ್ತದೆ, ತಾನಾಗಿ ನಿಧಾನಿಸುತ್ತಾನೆ. ಪುಟ್ಟ ಮಗು ಪಾಲು ಮಾಡುವ ಜಾಗಕ್ಕೆ ಬಂದಾಗ ಉಂಡೆ ದೊಡ್ಡದು ಚಿಕ್ಕದು ಆಗುತ್ತದೆ. ಅವುಗಳನ್ನು ಬೇರೆ ತಟ್ಟೆಯಲ್ಲಿ ಬೇಯಿಸಿ, ಏಕೆಂದರೆ ದೊಡ್ಡ ಉಂಡೆಗೆ ಹೆಚ್ಚು ಹೊತ್ತು ಬೇಕು. ಮಗುವಿನ ಎದುರು ತಿದ್ದಿ ಕಟ್ಟಬೇಡಿ.

ಹಿಟ್ಟಿನ ತೊಂದರೆಗಳು ಇವು. ಉಂಡೆ ಬಿರುಕು ಬಿಟ್ಟರೆ ಹಿಟ್ಟು ತಣಿದಿದೆ ಅಥವಾ ನಾದಿದ್ದು ಸಾಲದು. ಬಿಸಿನೀರು ಒಂದೆರಡು ಚಮಚ ಚಿಮುಕಿಸಿ ಮತ್ತೆ ನಾದಿ. ಅಂಗೈಗೆ ಮೆತ್ತಿಕೊಂಡರೆ ನೀರು ಹೆಚ್ಚಾಗಿದೆ. ಪಾತ್ರೆಯನ್ನು ಮತ್ತೆ ಸಣ್ಣ ಉರಿಯಲ್ಲಿಟ್ಟು ಮೂರು ನಾಲ್ಕು ನಿಮಿಷ ತಿರುವಿ. ಒಳಗೆ ಗಟ್ಟಿ ಕಾಳು ಸಿಕ್ಕರೆ ತರಿ ಬೆಂದಿಲ್ಲ, ಇನ್ನೈದು ನಿಮಿಷ ಮುಚ್ಚಿಡಿ. ಮಕ್ಕಳು ಹಿಟ್ಟನ್ನು ಬಾಯಿಗೆ ಹಾಕಿಕೊಂಡರೆ ಗಾಬರಿ ಬೇಡ, ಅದು ಬೆಂದದ್ದೇ. ಕೈ ಮಾತ್ರ ಮತ್ತೆ ತೊಳೆಸಿ.

ಹಬೆಯಲ್ಲಿ

ಇಡ್ಲಿ ಪಾತ್ರೆಯ ನೀರು ಕುದಿ ಬಂದ ಮೇಲೆಯೇ ತಟ್ಟೆ ಇಳಿಸಿ. ನೀರಿನ ಮಟ್ಟ ತಟ್ಟೆಗೆ ತಾಗಬಾರದು. ತಾಗಿದರೆ ಕೆಳಗಿನ ಉಂಡೆಗಳು ಕರಗಿ ಹೋಗುತ್ತವೆ. ಮುಚ್ಚಳದೊಳಗೆ ಒಂದು ತೆಳು ಬಟ್ಟೆ ಕಟ್ಟಿದರೆ ಹನಿ ಬಿದ್ದು ಮೇಲ್ಮೈ ಹಿಸಿಯುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷ ಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರು ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದು ಸುಮಾರು 96 ಡಿಗ್ರಿಯಲ್ಲೇ. ಮಂಗಳೂರಿನಲ್ಲಿ ಮಾಡಿದ್ದಕ್ಕಿಂತ ಎರಡು ಮೂರು ನಿಮಿಷ ಹೆಚ್ಚು ಇಡುವುದು ಕ್ಷೇಮ. ಕಡ್ಡಿ ಚುಚ್ಚಿದರೆ ಅಂಟದೆ ಬರಬೇಕು.

ಮುಚ್ಚಳ ತೆಗೆಯುವಾಗ ಮಕ್ಕಳು ಗೆರೆಯಿಂದ ಈಚೆಗೇ ಇರಲಿ. ಹಬೆ ಬಡಿದರೆ ತಕ್ಷಣ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಕಾಫಿಪುಡಿ, ಟೂತ್‌ಪೇಸ್ಟ್, ತುಪ್ಪ ಯಾವುದನ್ನೂ ಹಚ್ಚಬೇಡಿ. ಬೊಬ್ಬೆ ಎದ್ದರೆ ಒಡೆಯದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಉಂಡೆ ಬೇಯುತ್ತಿರುವಾಗಲೇ ಚಾಪೆ, ಬಟ್ಟಲು ಸ್ವಚ್ಛವಾಗಬೇಕು, ಇದೂ ಅಡುಗೆಯ ಭಾಗ. ಒಬ್ಬರು ಗುಡಿಸಿದರೆ ಇನ್ನೊಬ್ಬರು ಮೊರ ಹಿಡಿಯಲಿ. ಗಂಡುಮಕ್ಕಳು ಇಲ್ಲಿ ಮೆಲ್ಲನೆ ಜಾರಿಕೊಳ್ಳುವುದನ್ನು ಮನೆಮನೆಯಲ್ಲೂ ನೋಡುತ್ತೇವೆ. ಬಿಡಬೇಡಿ. ತಿಂಡಿ ಕಟ್ಟುವಾಗ ಎಲ್ಲರೂ, ತೊಳೆಯುವಾಗ ಅಕ್ಕಂದಿರು ಮಾತ್ರ ಎಂದಾದರೆ ಅವರು ಕಲಿಯುವುದು ಬೇರೆಯೇ ಪಾಠ.

ಜಗಳ ಬಂದಾಗ

ಜಗಳ ಬಂದೇ ಬರುತ್ತದೆ. ಇಬ್ಬರಿಗೂ ಒಂದೇ ಕೆಲಸ ಬೇಕಾದರೆ ಕೆಲಸ ನಿಲ್ಲಿಸಿ, ಹಿಟ್ಟು ಮುಚ್ಚಿ, ‘ಇಬ್ಬರೂ ಒಪ್ಪುವ ದಾರಿ ಹೇಳಿ, ಆಮೇಲೆ ತೆರೆಯೋಣ’ ಎನ್ನಿ. ಹಿಟ್ಟು ತಣಿಯುತ್ತಿದೆ ಎನ್ನುವುದು ಅವರಿಗೆ ಗೊತ್ತಿದ್ದರೆ ದಾರಿ ಬೇಗ ಸಿಗುತ್ತದೆ. ನಾಲ್ಕು ವರ್ಷದೊಳಗಿನವರಿಂದ ಇದನ್ನು ನಿರೀಕ್ಷಿಸಬೇಡಿ; ಅವರಿಗೆ ಎರಡು ಆಯ್ಕೆ ನೀವೇ ಕೊಡಿ. ಅಳುವ ಮಗುವನ್ನು ‘ಆಟದಿಂದ ಹೊರಗೆ’ ಎಂದು ಕಳಿಸಬಾರದು. ಅಜ್ಜಿಯ ತೊಡೆಯ ಮೇಲೆ ಕೂತು ನೋಡಲಿ, ಅದರ ಜಾಗ ಸಾಲಿನಲ್ಲಿ ಖಾಲಿಯಾಗಿಯೇ ಇರಲಿ.

‘ನೋಡು, ಅಕ್ಕನ ಉಂಡೆ ಎಷ್ಟು ದುಂಡಗಿದೆ’ ಎನ್ನುವ ಹೊಗಳಿಕೆ ಒಂದೇ ಕ್ಷಣದಲ್ಲಿ ಜೊತೆಗಾರರನ್ನು ಎದುರಾಳಿಗಳನ್ನಾಗಿ ಮಾಡುತ್ತದೆ. ಹೊಗಳುವುದಾದರೆ ದಾಟಿಸಿದ್ದನ್ನು ಹೊಗಳಿ: ‘ನೀನು ಕಾದು ಕೊಟ್ಟಿದ್ದಕ್ಕೆ ತಟ್ಟೆ ನೆಟ್ಟಗೆ ತುಂಬಿತು.’ ಯಾರು ಎಷ್ಟು ಕಟ್ಟಿದರು ಎಂಬ ಲೆಕ್ಕ ಬೇಡ. ತಟ್ಟೆಯ ಒಟ್ಟು ಲೆಕ್ಕ ಸಾಕು.

ಬಡಿಸುವುದು ಮತ್ತು ಮುಂದಿನದು

ಮಕ್ಕಳೇ ಬಡಿಸಲಿ: ಒಬ್ಬರು ತಟ್ಟೆ ಇಡುವುದು, ಒಬ್ಬರು ಕಡಂಬುಟ್ಟು, ಒಬ್ಬರು ತುಪ್ಪ. ಬಿಸಿ ಕರಿ ಮಾತ್ರ ದೊಡ್ಡವರು. ಕರಿ ಬೇಡವೆನ್ನುವ ಮಗುವಿಗೆ ಜೇನುತುಪ್ಪ ಕೊಡಬಹುದು, ಆದರೆ ವರ್ಷ ತುಂಬದ ಕೂಸಿಗೆ ಜೇನು ಸಲ್ಲದು. ಚಿಕ್ಕವರಿಗೆ ಉಂಡೆಯನ್ನು ಮುರಿದು ಕೊಡಿ, ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಕ್ಕಬಹುದು. ಊಟದ ನಡುವೆ ಒಂದೇ ಪ್ರಶ್ನೆ ಕೇಳಿ: ‘ಇವತ್ತು ಯಾರು ಏನು ಮಾಡಿದ್ದರಿಂದ ನಿನ್ನ ಕೆಲಸ ಸುಲಭವಾಯಿತು?’ ಉತ್ತರ ಬರದಿದ್ದರೆ ಒತ್ತಾಯಿಸಬೇಡಿ. ಎರಡನೆಯ ಮೂರನೆಯ ಸಲಕ್ಕೆ ತಾವಾಗಿಯೇ ಹೇಳತೊಡಗುತ್ತಾರೆ.

ನಾಲ್ಕೈದು ಸಲ ಕಡಂಬುಟ್ಟು ಸಲೀಸಾದ ಮೇಲೆ ಏಳು ದಾಟಿದವರನ್ನು ನೂಪುಟ್ಟಿಗೆ ಕರೆದುಕೊಳ್ಳಿ. ತಿರುಗಿಸಿ ಒತ್ತುವ ಒರಳಾದರೆ ಒಬ್ಬರು ಹಿಡಿ ತಿರುಗಿಸುವುದು, ಇನ್ನೊಬ್ಬರು ಕೆಳಗೆ ತಟ್ಟೆಯನ್ನು ಸುತ್ತಿಸುವುದು. ವೇಗ ಹೊಂದದಿದ್ದರೆ ಎಳೆ ಒಂದೇ ಕಡೆ ಗುಡ್ಡೆಯಾಗುತ್ತದೆ. ಹಿಟ್ಟನ್ನು ಒರಳಿಗೆ ಬಿಸಿಯಾಗಿಯೇ ತುಂಬಬೇಕಾದ್ದರಿಂದ ಆ ಕೆಲಸ ದೊಡ್ಡವರದ್ದು.

ಕಡಂಬುಟ್ಟು ಉಳಿದರೆ ಆರಿದ ಕೂಡಲೇ ಮುಚ್ಚಿ ಫ್ರಿಜ್ಜಿಗೆ ಹಾಕಿ. ಮರುದಿನ ಮಕ್ಕಳೇ ಮೊಂಡು ಚಾಕುವಿನಲ್ಲಿ ನಾಲ್ಕು ನಾಲ್ಕು ಹೋಳು ಮಾಡಿಕೊಡಲಿ. ಸಾಸಿವೆ, ಕರಿಬೇವು, ಈರುಳ್ಳಿಯ ಒಗ್ಗರಣೆಯಲ್ಲಿ ತುಪ್ಪ ಹಾಕಿ ಅಂಚು ಗರಿಗರಿಯಾಗುವವರೆಗೆ ಹುರಿದರೆ ಬೆಳಗಿನ ತಿಂಡಿಯಾಯಿತು.